ಹಾಲುಹಲ್ಲಿನ ಗುರುತು

ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೂ ಒಂದು ಇರಲಿ ಅನ್ನುವ ಪೈಕಿಯವನಲ್ಲ ಶಂಭುಲಿಂಗಪ್ಪ. ಪೇಟೆಯಲ್ಲಿ ಮೂರು ತಲೆಮಾರಿನಿಂದ ಬೆಳ್ಳಿ ಅಂಗಡಿ ನಡೆಸಿಕೊಂಡು ಬಂದವರಿಗೆ ಪುಕ್ಕಟೆ ಎಂಬ ಮಾತಿನ ಹಿಂದೆ ಏನಿರುತ್ತದೆ ಎಂದು ಚೆನ್ನಾಗಿ ಗೊತ್ತು. ಹಾಗಾಗಿ ಪೂಜೆಯ ಬೆಳ್ಳಿ ಸಾಮಾನು ಪೂರೈಸುವ ಕಂಪನಿಯವರು, ಈ ವರ್ಷ ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯ ದಂಪತಿಗಳಿಗೆ ಮೂರು ರಾತ್ರಿ ಹಡಗಿನ ಪ್ರವಾಸ ಎಂದಾಗ, ಗಂಡ ಆ ಟಿಕೆಟ್ಟನ್ನು ಯಾರಿಗಾದರೂ ದಾಟಿಸಿ ಕೈತೊಳೆದುಕೊಳ್ಳುತ್ತಾನೆ ಎಂದೇ ಶೈಲಜಮ್ಮ ತಿಳಿದಿದ್ದಳು. ಅವನು ದಾಟಿಸಲಿಲ್ಲ.

"ಹೋಗೋಣ ಶೈಲಾ," ಅಂದ. "ಹಡಗು ಗೋವಾದಿಂದ ಹೊರಡೋದು. ರೈಲು ಬೇಡ, ವಿಮಾನ ಬೇಡ. ನಮ್ಮ ಕಾರಲ್ಲೇ ಹೋಗೋಣ. ದಾರೀಲಿ ಕೋಟೆ, ಮ್ಯೂಸಿಯಂ ಎಲ್ಲ ನೋಡ್ಕೊಂಡು ನಿಧಾನಕ್ಕೆ ಹೋದ್ರಾಯ್ತು."

ಶೈಲಜಮ್ಮನಿಗೆ ನಗು ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ಕಬ್ಬನ್ ಪಾರ್ಕಿನ ಮಗ್ಗುಲಲ್ಲಿರುವ ಮ್ಯೂಸಿಯಮ್ಮಿಗೇ ಕಾಲಿಟ್ಟವನಲ್ಲ. ಮಗ ಚಿಕ್ಕವನಿದ್ದಾಗ ಶಾಲೆಯಿಂದ ಕರೆದುಕೊಂಡು ಹೋಗುತ್ತಾರೆ ಅಂದರೆ, "ಹಳೇ ಕಲ್ಲು ನೋಡೋಕೆ ಟಿಕೆಟ್ ಬೇರೆ ತಗೋಬೇಕಾ? ಬಸವನಗುಡಿ ತುಂಬಾ ಬಿದ್ದಿದಾವಲ್ಲ" ಅಂದಿದ್ದವನು. ಈಗ ಅವನ ಬಾಯಲ್ಲಿ ಮ್ಯೂಸಿಯಂ. ವಯಸ್ಸಾದ ಹಾಗೆ ಗಂಡಸರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ. ಇವರಿಗೆ ಇದು ಹಿಡಿದಿರಬಹುದು ಅಂದುಕೊಂಡಳು.

ನಕ್ಕಳೇನೋ ನಿಜ, ಆದರೆ ಮನೆ ಬಿಟ್ಟು ಹೊರಡುವುದು ಅವಳಿಗೆ ಸುಲಭವಿರಲಿಲ್ಲ. ಮಗ ಕೈಲಾಸ್ ಮನೆ ಬಿಟ್ಟು ಐದು ವರ್ಷವಾಗಿತ್ತು. ಅಲ್ಲಿಂದ ಈಚೆಗೆ ಚಾಮರಾಜಪೇಟೆಯ ಬಾಡಿಗೆ ಮನೆಗೆ ಒಂದು ರಾತ್ರಿಯೂ ಅವಳು ಬೀಗ ಹಾಕಿದ್ದಿಲ್ಲ. ತಮ್ಮನ ಮಗಳ ಮದುವೆಗೆ ಹೋಗಲಿಲ್ಲ. ತವರಿನಲ್ಲಿ ತಾಯಿ ತೀರಿಕೊಂಡಾಗ ಮಣ್ಣಿಗೆ ಹೋಗಿ ಅವತ್ತೇ ವಾಪಸು ಬಂದಿದ್ದಳು. ಅವನು ಬಂದಾಗ ಬಾಗಿಲಲ್ಲಿ ಬೀಗ ನೇತಾಡುತ್ತಿದ್ದರೆ ಮತ್ತೆ ತಿರುಗಿ ಹೋಗಿಬಿಡುತ್ತಾನೆ, ಅವನ ಹಟ ಯಾರಿಗೆ ಗೊತ್ತಿಲ್ಲ ಎಂಬುದು ಅವಳ ಲೆಕ್ಕ.

ಹಟ ಎಲ್ಲಿಂದ ಬಂತು ಎಂದು ಕೇಳಬೇಕಾಗಿಲ್ಲ. ಓಕಳಿಪುರಂನ ಲಕ್ಷ್ಮಯ್ಯನವರ ಮಗಳು ವಿಶಾಖಾಳನ್ನು ಮದುವೆಯಾಗುತ್ತೇನೆ ಎಂದು ಕೈಲಾಸ್ ಊಟಕ್ಕೆ ಕೂತಾಗ ಹೇಳಿದ. ಲಕ್ಷ್ಮಯ್ಯ ರೈಲ್ವೆಯಲ್ಲಿದ್ದವರು, ಮನೆಯಲ್ಲಿ ಬುದ್ಧನ ಪೂಜೆ. ಜಾತಿ ಸುಳ್ಳು ಎಂದ ಶರಣರ ಪಟಗಳನ್ನು ಅಂಗಡಿಯ ಗೋಡೆ ತುಂಬಾ ಕಟ್ಟು ಹಾಕಿಸಿ ಇಟ್ಟಿದ್ದ ಶಂಭುಲಿಂಗಪ್ಪ ತಟ್ಟೆ ಸರಿಸಿ ಎದ್ದು ನಿಂತು, "ಅವರ ಮನೆಗೆ ಹೋಗೋನು ಲಿಂಗ ಬಿಚ್ಚಿಟ್ಟು ಹೋಗು" ಅಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೈಲಾಸ್ ಕೈ ತೊಳೆದುಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೋದ. ಶೈಲಜಮ್ಮ ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದಳು. ಗಂಡನಿಗೆ ಎದುರಾಡಲಿಲ್ಲ. ಹುಡುಗಿ ಬೇರೆಯವಳು ಎಂಬುದು ಅವಳಿಗೂ ಒಳಗೊಳಗೇ ಚುಚ್ಚಿತ್ತು.

ಆದರೆ ಅವನು ಲಿಂಗ ಬಿಚ್ಚಿಟ್ಟು ಹೋಗಲಿಲ್ಲ. ಅದೇ ಅವಳ ಆಧಾರ. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಅದು. ಅದನ್ನಿಟ್ಟು ಕೊರಳಿಗೆ ಹಾಕುವ ಬೆಳ್ಳಿಯ ಕರಡಿಗೆಯನ್ನು ಶಂಭುಲಿಂಗಪ್ಪ ತನ್ನ ಅಂಗಡಿಯ ಅಪ್ಪಟ ಬೆಳ್ಳಿಯಲ್ಲಿ ಮುಂದೆ ಕೂತು ಮಾಡಿಸಿದ್ದ. ಹಲ್ಲು ಬರುವಾಗ ಕೂಸು ದಿನವಿಡೀ ಅದನ್ನೇ ಕಚ್ಚಿ ಕಚ್ಚಿ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಎರಡು ತಗ್ಗು ಬಿದ್ದಿದ್ದವು. ಸರಿ ಮಾಡಿಸುತ್ತೇನೆ ಎಂದು ಗಂಡ ಎಷ್ಟು ಸಲ ಕೇಳಿದರೂ ಶೈಲಜಮ್ಮ ಕೊಟ್ಟಿರಲಿಲ್ಲ. "ಮೈಮೇಲೆ ಲಿಂಗ ಇರೋವರೆಗೂ ಅವನಿಗೇನೂ ಆಗಲ್ಲ," ಎಂದು ಅವಳು ಕೆಳಗಿನ ಮನೆಯ ಸರ್ವಮಂಗಳಾಗೆ ಹೇಳುತ್ತಿದ್ದಳು, ಹೂವಿನವಳಿಗೆ ಹೇಳುತ್ತಿದ್ದಳು, ಪ್ರತಿ ದಿನ ಗಂಡನಿಗೂ ಹೇಳುತ್ತಿದ್ದಳು. ಗಂಡ ಕೇಳಿಸಿಕೊಂಡು ಪೇಪರ್ ಮಡಿಸಿ ಅಂಗಡಿಗೆ ಹೊರಡುತ್ತಿದ್ದ.

ಇದರ ಜೊತೆಗೆ ಸೋಮವಾರದ ಹರಕೆ. ಮಗ ಮನೆಗೆ ಬರುವವರೆಗೂ ಸೋಮವಾರ ಹೊತ್ತು ಮುಳುಗಿ ದೀಪ ಹಚ್ಚುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ದೀಪ ಹಚ್ಚಿದ ಮೇಲೆ ಕಡಲೆ, ಬೆಲ್ಲ, ಕೊಬ್ಬರಿಯ ಪ್ರಸಾದ. ಮೊದಲು ಗಂಡನ ಕೈಗೆ, ಆಮೇಲೆ ತನಗೆ. ಈ ಹರಕೆ ಗೊತ್ತಿದ್ದವರು ಗಂಡನನ್ನು ಬಿಟ್ಟರೆ ಇನ್ನೊಬ್ಬಳೇ, ವಿಶಾಖಾ.

ಹೌದು, ಅದೇ ವಿಶಾಖಾ. ಮೊದಲ ಕೆಲವು ತಿಂಗಳು ಕೈಲಾಸ್ ಅವಳಿಗೆ ಫೋನ್ ಮಾಡುತ್ತಿದ್ದ. ಚಿತ್ರದುರ್ಗದ ಕಡೆ ಗಾಳಿಯಂತ್ರ ನಿಲ್ಲಿಸುವವರ ಹತ್ತಿರ ಕೆಲಸ, ಒಂದು ನೆಲೆ ಆಗಲಿ, ಬಂದು ಕರೆದುಕೊಂಡು ಹೋಗುತ್ತೇನೆ ಅಂದಿದ್ದ. ಆಮೇಲೆ ಫೋನ್ ಸ್ವಿಚ್ ಆಫ್. ಅವಳೇ ಹೋಗಿ ವಿಚಾರಿಸಿದಾಗ ಕಂಟ್ರಾಕ್ಟರು ಕೆಲಸ ಬಿಟ್ಟು ಹೋದ ಅಂದನಂತೆ. ಅಷ್ಟಕ್ಕೇ ದಾರ ಕಡಿದಿತ್ತು. ವಿಶಾಖಾ ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು, ಮದುವೆ ಬೇಡ ಎಂದು ತಾಯಿಯ ಜೊತೆ ಜಗಳಾಡಿಕೊಂಡೇ ಇದ್ದಳು. ಮಲ್ಲೇಶ್ವರದ ಎಂಟನೇ ಅಡ್ಡರಸ್ತೆಯ ಹೂವಿನಂಗಡಿಗಳ ಹತ್ತಿರ ಅವಳು ಕಚೇರಿ ಬಿಟ್ಟು ಬರುವ ಹೊತ್ತಿಗೆ ಶೈಲಜಮ್ಮ ಆಗಾಗ ಹೋಗಿ ನಿಲ್ಲುತ್ತಿದ್ದಳು. ಇಬ್ಬರದೂ ಒಂದೇ ಪ್ರಶ್ನೆ, ಏನಾದರೂ ಗೊತ್ತಾಯಿತಾ. ಇಬ್ಬರದೂ ಒಂದೇ ಉತ್ತರ. ವಿಶಾಖಾ ಪ್ರತಿ ಸಲ ಕಾಫಿಗೆ ಕರೆಯುತ್ತಿದ್ದಳು, ಮನೆಗೆ ಬನ್ನಿ ಅನ್ನುತ್ತಿದ್ದಳು. "ನಂಗೆ ವ್ರತ ಕಣಮ್ಮ," ಎಂದು ಶೈಲಜಮ್ಮ ತಪ್ಪಿಸಿಕೊಳ್ಳುತ್ತಿದ್ದಳು. ಅವಳು ಕರೆದ ದಿನವೆಲ್ಲ, ಬುಧವಾರವಾದರೂ ಶುಕ್ರವಾರವಾದರೂ, ಇವಳಿಗೆ ವ್ರತ. ಹುಡುಗಿ ದಡ್ಡಿಯಲ್ಲ. ತಿಳಿದೂ ಮತ್ತೆ ಮತ್ತೆ ಕರೆಯುತ್ತಿದ್ದಳು.

ಹೀಗಿರುವಾಗ ಹಡಗು. ಸರ್ವಮಂಗಳಾ ಸೊಂಟಕ್ಕೆ ಕೈಯಿಟ್ಟು ಗದರಿದಳು. "ಹೋಗ್ಬನ್ನಿ ಅಂದ್ರೆ ಹೋಗ್ಬನ್ನಿ. ಬೀಗದಕೈ ನನ್ ಹತ್ರ ಇರುತ್ತೆ. ಕೈಲಾಸ ಬಂದ್ರೆ ನಾನು ಕಟ್ಟಿಹಾಕಿ ಕೂರಿಸ್ಕೋತೀನಿ." ಬಂದರೆ ಉಪ್ಪಿಟ್ಟು ಬೇಡ, ಅವಲಕ್ಕಿ ಒಗ್ಗರಣೆ ಮಾಡಿಕೊಡು, ಕರಿಬೇವು ಜಾಸ್ತಿ ಹಾಕು ಎಂದು ಹೇಳಿ, ಶುಕ್ರವಾರ ಬೆಳಿಗ್ಗೆ ಶೈಲಜಮ್ಮ ಕಾರು ಹತ್ತಿದಳು. ಮೇ ತಿಂಗಳ ಬಿಸಿಲು ಆಗಲೇ ರಸ್ತೆಗೆ ಇಳಿದಿತ್ತು.

ಶಂಭುಲಿಂಗಪ್ಪ ಕಾರು ಓಡಿಸುವುದೆಂದರೆ ತಕ್ಕಡಿ ಹಿಡಿದ ಹಾಗೆ, ಅತ್ತಲೂ ಇಲ್ಲ ಇತ್ತಲೂ ಇಲ್ಲ. ಲಾರಿಗಳೆಲ್ಲ ಹಾರ್ನ್ ಹೊಡೆದು ಬೈದು ಮುಂದೆ ಹೋದವು. ಶಿರಾದಲ್ಲಿ ಕಾರು ನಿಲ್ಲಿಸಿ ಹಳೆಯ ಗೋರಿಯೊಂದನ್ನು ನೋಡಿದರು, ಕೋಟೆಯ ಕಂದಕದ ಪಕ್ಕ ಬುತ್ತಿ ಬಿಚ್ಚಿ ರೊಟ್ಟಿ ತಿಂದರು. ಸಂಜೆಯ ಹೊತ್ತಿಗೆ ಚಿತ್ರದುರ್ಗ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ವೀರಗಲ್ಲು, ಫಿರಂಗಿ ಗುಂಡು, ತುಕ್ಕು ಹಿಡಿದ ಕತ್ತಿ. ಶಂಭುಲಿಂಗಪ್ಪ ಒಂದೊಂದರ ಮುಂದೆಯೂ ಕೈಕಟ್ಟಿ ನಿಂತು, ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಹೆಂಡತಿಗೂ ಓದಿಸಿದ.

"ಪರೀಕ್ಷೆಗೆ ಕೂರಿಸ್ತೀರೇನು?" ಎಂದು ಅವಳು ಕೇಳಿದಳು.

"ನೋಡು ಶೈಲಾ, ಯಾರ್ಯಾರದೋ ಸಾಮಾನು. ಯಾರೋ ಉಟ್ಟಿದ್ದು, ತೊಟ್ಟಿದ್ದು. ಹೋದ್ಮೇಲೆ ಇಲ್ಲಿ ಬಂದು ಕೂತಿವೆ. ಹಾಳಾಗಲ್ಲ ಇಲ್ಲಿ. ಯಾರೂ ಕರಗಿಸಲ್ಲ."

ಬೆಳ್ಳಿಯವರಿಗೆ ಕರಗಿಸುವುದೇ ಯೋಚನೆ ಎಂದು ಅವಳು ಛೇಡಿಸಿದಳು. ಅದರಲ್ಲಿ ಸುಳ್ಳೇನಿರಲಿಲ್ಲ. ಅವರಲ್ಲಿ ಸತ್ತವರನ್ನು ಮಣ್ಣು ಮಾಡುವಾಗ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಕಳಿಸುತ್ತಾರೆ, ಬೆಳ್ಳಿಯ ಕರಡಿಗೆಯನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಹಾಗೆ ತೆಗೆದ ಕರಡಿಗೆಗಳು ಹದಿಮೂರು ದಿನ ಕಳೆದ ಮೇಲೆ ಕರವಸ್ತ್ರದಲ್ಲಿ ಸುತ್ತಿಕೊಂಡು ಶಂಭುಲಿಂಗಪ್ಪನ ಅಂಗಡಿಗೆ ಬರುತ್ತಿದ್ದವು. ಕರಗಿಸಿ ಹೊಸ ಕೂಸಿಗೆ ಹೊಸದು ಮಾಡುವುದು ಆ ಅಂಗಡಿಯ ಹಳೆಯ ಪದ್ಧತಿ. ಅಜ್ಜನದು ಮೊಮ್ಮಗನಿಗೆ ಎಂದು ಜನ ಸಂತೋಷದಿಂದಲೇ ಕೊಟ್ಟು ಹೋಗುತ್ತಿದ್ದರು.

ಲಾಡ್ಜಿನಲ್ಲಿ ಅವನು ಸರಿಯಾಗಿ ಊಟ ಮಾಡಲಿಲ್ಲ. ಬಿಸಿಲಿಗೆ ಹೀಗಾಗಿದೆ ಅಂದ. ಮಾರನೆಯ ದಿನ ಬೆಳಿಗ್ಗೆಯೇ ಹೊರಟರು. ಗುಡ್ಡದ ಮೇಲೆ ಸಾಲಾಗಿ ತಿರುಗುತ್ತಿದ್ದ ಗಾಳಿಯಂತ್ರಗಳನ್ನು ನೋಡಿ ಶೈಲಜಮ್ಮನೇ, "ಇಂಥದ್ರಲ್ಲೇ ಅಲ್ವಾ ಅವನು ಇದ್ದಿದ್ದು," ಅಂದಳು. ವಿಶಾಖಾ ಹೇಳಿದ್ದು ಎಂದು ಹೇಳಲಿಲ್ಲ. ಯಾರು ಹೇಳಿದರು ಎಂದು ಗಂಡನೂ ಕೇಳಲಿಲ್ಲ. ಕೇಳಬೇಕಾಗಿತ್ತಲ್ಲ ಎಂದು ಅವಳಿಗೆ ಆಗ ಹೊಳೆಯಲಿಲ್ಲ. ಹೆದ್ದಾರಿ ಬಿಟ್ಟು ಒಂದು ಸಣ್ಣ ತಾಲ್ಲೂಕು ಊರಿನ ಒಳಗೆ ಕಾರು ತಿರುಗಿಸಿದ.

"ಇಲ್ಲೂ ಮ್ಯೂಸಿಯಂ ಇದೆಯಾ?"

"ಇದೆ. ಚಿಕ್ಕದು," ಅಂದ. ಯಾರನ್ನೂ ದಾರಿ ಕೇಳದೆ, ಸಂತೆ ಮೈದಾನ ಬಳಸಿ, ಬೇವಿನ ಮರದ ಕೆಳಗೆ ಸರಿಯಾಗಿ ನೆರಳಿರುವ ಜಾಗದಲ್ಲಿ ಕಾರು ನಿಲ್ಲಿಸಿದ.

ಹಿಂದೆ ಪ್ರವಾಸಿ ಬಂಗಲೆಯಾಗಿದ್ದ ಹಂಚಿನ ಕಟ್ಟಡ. ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತಿದ್ದ ಮುದುಕ ಇವರನ್ನು ನೋಡಿ ಎದ್ದು ನಿಂತ. ಹಣೆಯ ತುಂಬಾ ವಿಭೂತಿ, ಅಂಗಿಯ ಮೇಲೆ ರೇವಣಸಿದ್ದಯ್ಯ ಎಂದು ಹೆಸರಿನ ಬಿಲ್ಲೆ.

"ಬರ್ರಿ ಯಜಮಾನ್ರ," ಅಂದ. "ಈ ಸಲ ಲಗೂನ ಬಂದ್ರಿ. ಶ್ರಾವಣದಾಗ ಬರ್ತಿದ್ರಿ ಪ್ರತಿ ವರ್ಷ. ಅಮ್ಮಾರನ್ನೂ ಕರ್ಕೊಂಡು ಬಂದೀರಿ, ಚಲೋ ಆತು ಬಿಡ್ರಿ."

ಶೈಲಜಮ್ಮ ಗಂಡನ ಮುಖ ನೋಡಿದಳು. ಶ್ರಾವಣದಲ್ಲಿ ಅವನು ಪ್ರತಿ ವರ್ಷ ದಾವಣಗೆರೆಗೆ ವ್ಯಾಪಾರದ ಮೇಲೆ ಹೋಗುತ್ತಿದ್ದ. ಒಂದು ಮಾತು ಕೇಳಬೇಕು ಅನ್ನುವಷ್ಟರಲ್ಲಿ ಅವನು ಒಳಗೆ ಹೋಗಿಯಾಗಿತ್ತು. ಕಲ್ಲಿನ ನಂದಿ, ತಾಮ್ರದ ಹಂಡೆ, ಮರದ ಕೊಳಗ ಯಾವುದರ ಮುಂದೆಯೂ ಇವತ್ತು ನಿಲ್ಲಲಿಲ್ಲ. ನೇರವಾಗಿ ಹೋಗಿ ಕಿಟಕಿಯ ಪಕ್ಕದ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತ. ನಿಂತು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟ.

ಒಳಗೆ ಕೆಂಪು ಬಟ್ಟೆಯ ಮೇಲೆ ರುದ್ರಾಕ್ಷಿ, ವಿಭೂತಿಯ ಭರಣಿ, ಹಿತ್ತಾಳೆಯ ಗಂಟೆ, ನಡುವೆ ಒಂದು ಬೆಳ್ಳಿಯ ಕರಡಿಗೆ. ಪಕ್ಕದ ಚೀಟಿಯಲ್ಲಿ "ಬೆಳ್ಳಿ ಕರಡಿಗೆ. ಕೊಡುಗೆ: ಒಬ್ಬ ಭಕ್ತರು, ಬೆಂಗಳೂರು" ಎಂದಿತ್ತು.

ಶೈಲಜಮ್ಮ ಬಗ್ಗಿದಳು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ಎರಡು ತಗ್ಗು. ಒಂದು ತುಸು ಆಳ, ಒಂದು ತುಸು ಓರೆ. ಆ ಓರೆಯ ಹಲ್ಲು ಮೊದಲು ಮೂಡಿದ್ದು, ಆ ವಾರ ಕೂಸಿಗೆ ಜ್ವರ ಬಂದಿದ್ದು, ಮಲಗಿಸಿಕೊಂಡರೆ ಆ ತಣ್ಣನೆಯ ಬೆಳ್ಳಿ ತನ್ನ ಕುತ್ತಿಗೆಗೆ ತಾಗುತ್ತಿದ್ದುದು ಎಲ್ಲವೂ ಒಟ್ಟಿಗೆ ನುಗ್ಗಿ ಬಂತು. ಅವಳ ಕೈ ತಾನಾಗಿ ತನ್ನ ಎದೆಯ ಮೇಲಿನ ಲಿಂಗವನ್ನು ಹಿಡಿದುಕೊಂಡಿತು.

ಲಿಂಗಕ್ಕೆ ಅಂಟಿಕೊಂಡಿದ್ದವನು ಅದನ್ನು ಬಿಚ್ಚಿ ಎಸೆದನೇ ಎಂದು ಮೊದಲು ಅನ್ನಿಸಿತು. ಹಾಗೇ ಆಗಿರಲಿ ದೇವರೇ, ಎಸೆದಿರಲಿ, ಯಾವ ಜಾತಿಗಾದರೂ ಸೇರಿರಲಿ ಎಂದು ಒಂದು ಕ್ಷಣ ಬೇಡಿಕೊಂಡಳು. ಆಮೇಲೆ ಚೀಟಿಯನ್ನು ಮತ್ತೆ ಓದಿದಳು. ಬೆಂಗಳೂರು. ಪ್ರತಿ ಶ್ರಾವಣ. ಸತ್ತವರ ಮೈಯಿಂದ ತೆಗೆದ ಬೆಳ್ಳಿ ಯಾರ ಅಂಗಡಿಗೆ ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಯಾವಾಗ?" ಎಂದು ಕೇಳಿದಳು.

ಶಂಭುಲಿಂಗಪ್ಪ ಗಾಜನ್ನೇ ನೋಡುತ್ತಿದ್ದ. "ಹೋದ ವರ್ಷದ್ದಲ್ಲ ಶೈಲಾ," ಅಂದ. "ನಾಲ್ಕು ವರ್ಷ ಆಯ್ತು."

ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಅವನು ಹೇಳಿದ. ತಲೆ ಬಗ್ಗಿಸಿಕೊಂಡು, ಗಿರಾಕಿಗೆ ಲೆಕ್ಕ ಒಪ್ಪಿಸುವವನ ದನಿಯಲ್ಲಿ ಹೇಳಿದ. ಕೈಲಾಸ್ ಕೆಲಸ ಬಿಟ್ಟು ಬ್ಯಾಗು ಹಿಡಿದುಕೊಂಡು ಈ ಊರಿನ ಹೆದ್ದಾರಿಯ ಪಕ್ಕ ನಿಂತಿದ್ದಾಗ ಲಾರಿ ಗುದ್ದಿತ್ತು. ಬ್ಯಾಗಿಲ್ಲ, ಫೋನಿಲ್ಲ, ಯಾರೋ ಎತ್ತಿಕೊಂಡು ಹೋಗಿದ್ದರು. ಮೈಮೇಲೆ ಉಳಿದದ್ದು ಅದೊಂದೇ. ಪೊಲೀಸರು ಅದನ್ನು ಊರಿನ ಬೆಳ್ಳಿ ಅಂಗಡಿಗೆ ತೋರಿಸಿದರು. ಮುಚ್ಚಳದ ಒಳಗಿನ ಛಾಪು ನೋಡಿ ಆ ಅಂಗಡಿಯವನು ಇದು ಬೆಂಗಳೂರಿನ ಇಂಥವರ ಮಾಲು ಎಂದು ಗುರುತಿಸಿ, ಪೇಟೆಗೆ ಫೋನ್ ಮಾಡಿದ. ಮಾರಿದ್ದು ಯಾರಿಗೆ, ನೆನಪಿದೆಯಾ ಸಾವ್ಕಾರ್ರೆ ಎಂದು ಕೇಳಿದನಂತೆ.

"ನಾನು ಬಂದು ನೋಡ್ದೆ. ಮಾರಿದ್ದಲ್ಲ, ಮನೇದು ಅಂದೆ."

"ಯಾವ ಕಡೆ ನಿಂತಿದ್ದ?" ಎಂದು ಶೈಲಜಮ್ಮ ಕೇಳಿದಳು. ಅದೇಕೆ ಬೇಕಾಯಿತೋ ಅವಳಿಗೇ ಗೊತ್ತಿಲ್ಲ.

ಶಂಭುಲಿಂಗಪ್ಪ ತಲೆ ಎತ್ತದೆ ಹೆದ್ದಾರಿಯ ಕಡೆ ಕೈ ಮಾಡಿದ. "ಬೆಂಗಳೂರಿನ ಬಸ್ಸು ನಿಲ್ಲೋ ಕಡೆ."

ಬೇವಿನ ಹೂವು ಉದುರಿ ಅವರಿಬ್ಬರ ಮೇಲೂ ಬೀಳುತ್ತಿತ್ತು. ರೇವಣಸಿದ್ದಯ್ಯ ಬಾಗಿಲಲ್ಲಿ ನಿಂತು ನೋಡಿ, ಏನೋ ಅರ್ಥವಾದವನಂತೆ ಒಳಗೆ ಹೋಗಿ ಒಂದು ಚೊಂಬು ನೀರು ತಂದಿಟ್ಟು ಹೋದ.

"ಕೂರಿಸಿದ್ರಾ?" ಅಂದಳು ಶೈಲಜಮ್ಮ. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ಕೈಲಾಸನ ಕಾಲು ಉದ್ದ. ಬಸ್ಸಿನ ಸೀಟಿನಲ್ಲಿ ಮೊಣಕಾಲು ತಾಗುತ್ತದೆ ಎಂದು ಗೊಣಗುತ್ತಿದ್ದವನು.

"ಕೂರಿಸ್ದೆ. ಗುಂಡಿ ಅಗಲ ಮಾಡ್ಸಿದೆ. ಎಡಗೈಲಿ ಲಿಂಗ ಇಟ್ಟು ನಾನೇ ಬಟ್ಟೆ ಸುತ್ತಿದೆ." ಅವನ ದನಿ ಅಲ್ಲಿ ಮೊದಲ ಸಲ ಒಡೆಯಿತು. "ಬಿಚ್ಚಿಟ್ಟು ಹೋಗು ಅಂದಿದ್ದೆನಲ್ಲ, ನಾನೇ ಕಟ್ಟಿದೆ ಶೈಲಾ. ಕರಡಿಗೆ ಅಂಗಡಿಗೆ ತಗೊಂಡ್ಹೋದೆ. ಕರಗಿಸೋಕೆ ಆಗ್ಲಿಲ್ಲ. ಮನೆಗೆ ತಂದ್ರೆ ನೀನು ನೋಡ್ತೀಯ. ಇಲ್ಲಿ ಹಳೇ ಸಾಮಾನು ಇದ್ರೆ ಕೊಡಿ ಅಂತ ಬೋರ್ಡ್ ಹಾಕಿದ್ರು. ಅವನ ಹತ್ರಾನೇ ಇರ್ಲಿ ಅಂತ ಕೊಟ್ಬಿಟ್ಟೆ."

"ನಂಗೆ ಹೇಳ್ಬೇಕು ಅನ್ಸಲಿಲ್ವಾ?"

"ದಿನಾ ಅನ್ಸೋದು. ಬಾಯಿ ತೆಗೆದ್ರೆ ನೀನು, ಮೈಮೇಲೆ ಲಿಂಗ ಇದೆ, ಅವನಿಗೇನೂ ಆಗಲ್ಲ ಅನ್ನೋಳು. ಎಲ್ಲಿಂದ ಹೇಳ್ಲಿ? ನಾಲಿಗೆ ಬರ್ಲಿಲ್ಲ. ಹಡಗಿನ ನೆಪ ಸಿಕ್ತು. ದಾರೀಲಿ ನಾಲ್ಕು ಮ್ಯೂಸಿಯಂ ತೋರಿಸಿದ್ರೆ ಇದೂ ಒಂದು ಆಗುತ್ತೆ, ನೀನೇ ನೋಡಿ ತಿಳ್ಕೋತೀಯ ಅಂದ್ಕೊಂಡೆ."

ತಿಳಿದುಕೊಂಡಿದ್ದಳು. ಇಷ್ಟು ದೂರ ಕಾರು ಓಡಿಸಿಕೊಂಡು ಬಂದು, ಗೋರಿ ತೋರಿಸಿ, ಕತ್ತಿ ತೋರಿಸಿ, ಕೊನೆಗೆ ಮಗನನ್ನು ಗಾಜಿನ ಪೆಟ್ಟಿಗೆಯಲ್ಲಿ ತೋರಿಸುವ ಗಂಡನ ಮೇಲೆ ಅವಳಿಗೆ ಬಂದ ಸಿಟ್ಟಿಗೆ ಹೆಸರಿಲ್ಲ. ನಾಲ್ಕು ವರ್ಷದ ಸೋಮವಾರಗಳು ಕಣ್ಣ ಮುಂದೆ ಸಾಲಾಗಿ ನಿಂತವು. ದೀಪ ಹಚ್ಚಿ, ನನ್ನ ಮಗನನ್ನು ಕರೆದುಕೊಂಡು ಬಾ ಎಂದು ಕೈಮುಗಿದು, ಕಡಲೆ ಬೆಲ್ಲವನ್ನು ಮೊದಲು ಈ ಮನುಷ್ಯನ ಅಂಗೈಗೆ ಹಾಕುತ್ತಿದ್ದಳು. ಅವನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಪ್ರಸಾದ ತಿಂದ್ರಲ್ರೀ," ಅಂದಳು. "ಅವನು ಬರ್ಲಿ ಅಂತ ಮಾಡಿದ ಪ್ರಸಾದ. ಗೊತ್ತಿದ್ದೂ ತಿಂದ್ರಲ್ಲ."

ಅವನು ಎದ್ದು ಹೋಗಿ ಕಾರಿನ ಬಾಗಿಲು ತೆಗೆದು ಹಿಡಿದ.

ಊರ ಹೊರಗಿನ ರುದ್ರಭೂಮಿಯಲ್ಲಿ ಹುಲ್ಲು ಒಣಗಿ ನಿಂತಿತ್ತು. ಮೇಲೆ ಒಂದು ಸಣ್ಣ ಕಲ್ಲು, ಹೆಸರಿಲ್ಲ. ಶೈಲಜಮ್ಮ ಅಳಲಿಲ್ಲ. ಅಂಗೈ ಊರಿ ಮಣ್ಣಿನ ಮೇಲೆ ಕೂತಳು. ಕೆಳಗೆ ಅವನೂ ಕೂತಿದ್ದಾನೆ, ಕೈಯಲ್ಲಿ ಲಿಂಗ ಹಿಡಿದುಕೊಂಡು. ಮೈಮೇಲೆ ಲಿಂಗ ಇದೆ ಎಂದು ತಾನು ಹೇಳುತ್ತಿದ್ದದ್ದು ಅಷ್ಟರ ಮಟ್ಟಿಗೆ ಸುಳ್ಳಾಗಿರಲಿಲ್ಲ. ಅದನ್ನು ನೆನೆದಾಗ ಹೊಟ್ಟೆಯೊಳಗಿಂದ ಒಂದು ಶಬ್ದ ಬಂತು. ಅದು ತನ್ನದೆಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಕರಡಿಗೆ ವಾಪಸು ಕೊಡಿ ಎಂದು ಕೇಳಲು ಮತ್ತೆ ಮ್ಯೂಸಿಯಮ್ಮಿಗೆ ಹೋದರು. ರೇವಣಸಿದ್ದಯ್ಯ ಕೈಮುಗಿದ. "ತಾಯಿ, ಒಮ್ಮೆ ನಂಬರ್ ಬಿತ್ತಂದ್ರ ಅದು ಸರ್ಕಾರದ್ದು. ನನ್ನ ಕೈಯಾಗಿಲ್ಲ. ನೋಡಾಕ ಯಾವಾಗ ಬೇಕಾದ್ರೂ ಬರ್ರಿ. ನಿಮಗ ಟಿಕೇಟ್ ಕೇಳಂಗಿಲ್ಲ." ಅವಳು ಗಾಜಿನ ಮೇಲೆ ಬೆರಳಿಟ್ಟು, ಆ ಎರಡು ತಗ್ಗುಗಳ ನೇರಕ್ಕೆ ಒಂದು ಸಲ ಒತ್ತಿ, ಹೊರಗೆ ಬಂದಳು.

ಆ ರಾತ್ರಿ ಅದೇ ಊರಿನಲ್ಲಿ ಉಳಿದು, ಮಾರನೆಯ ದಿನ ಬೆಂಗಳೂರಿನ ಕಡೆ ತಿರುಗಿದರು. ಹಡಗು ಅವರನ್ನು ಬಿಟ್ಟು ಹೋಯಿತು. ಭಾನುವಾರ ಸಂಜೆ ಅದು ಗೋವಾದಲ್ಲಿ ಕಹಳೆ ಊದಿ ಹೊರಡುವ ಹೊತ್ತಿಗೆ ಇವರ ಕಾರು ತುಮಕೂರಿನ ಈಚೆ ಟೋಲಿನ ಸಾಲಿನಲ್ಲಿ ನಿಂತಿತ್ತು. ಮನೆ ಮುಂದೆ ಇಳಿದಾಗ ಸರ್ವಮಂಗಳಾ ಬೀಗದಕೈ ಹಿಡಿದು ಓಡಿ ಬಂದಳು.

"ಯಾಕ್ರೀ, ಹಡಗು ಮುಳುಗೋಯ್ತಾ?" ಅಂದವಳು ಶೈಲಜಮ್ಮನ ಮುಖ ನೋಡಿ ದನಿ ತಗ್ಗಿಸಿದಳು. "ಯಾರೂ ಬರ್ಲಿಲ್ಲಮ್ಮ. ನಾನು ಎಲ್ಲೂ ಕದಲಲಿಲ್ಲ. ಅವಲಕ್ಕಿ ತೆಗ್ದಿಟ್ಟಿದ್ದೆ."

ಅವತ್ತು ಶೈಲಜಮ್ಮ ನಿದ್ದೆ ಮಾಡಲಿಲ್ಲ, ಒಲೆಯನ್ನೂ ಹಚ್ಚಲಿಲ್ಲ. ಬೆಳಗಾಗುವ ಹೊತ್ತಿಗೆ ಒಂದು ವಿಷಯ ಮಾತ್ರ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ವಿಶಾಖಾಗೆ ಹೇಳಬೇಕು. ಇಡೀ ಊರಿನಲ್ಲಿ ಅವನಿಗಾಗಿ ಕಾಯುತ್ತಿರುವವಳು ಇನ್ನು ಅವಳೊಬ್ಬಳೇ. ಅವಳನ್ನು ಒಂದು ದಿನವೂ ಹೆಚ್ಚು ಕಾಯಿಸಬಾರದು. ಗಂಡ ಮಾಡಿದ ಪಾಪ ತಾನು ಮಾಡಬಾರದು.

ಸ್ನಾನ ಮಾಡಿ, ಯಾವ ಸೀರೆ ಎಂದು ನೋಡದೆ ಉಟ್ಟುಕೊಂಡು ಹೊರಟಳು. ಶಂಭುಲಿಂಗಪ್ಪ ಎಲ್ಲಿಗೆ ಎಂದು ಕೇಳಲಿಲ್ಲ. ಆಟೋ ಮೆಜೆಸ್ಟಿಕ್ಕಿನ ಗದ್ದಲ ದಾಟುವವರೆಗೂ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಳು. "ಅವನು ಇಲ್ಲ ಕಣಮ್ಮ. ನಾಲ್ಕು ವರ್ಷ ಆಯ್ತಂತೆ. ನಿನ್ನ ಹತ್ರಾನೇ ಬರ್ತಿದ್ದ." ಮೂರು ಮಾತು, ಅಷ್ಟೇ. ಓಕಳಿಪುರಂನ ರೈಲ್ವೆ ಕಾಂಪೌಂಡಿನ ಪಕ್ಕದ ಓಣಿಯಲ್ಲಿ ಇಳಿದು, ಲಕ್ಷ್ಮಯ್ಯನವರ ಮನೆ ಯಾವುದು ಎಂದು ಕೇಳಿದಳು. ಐದು ವರ್ಷದಲ್ಲಿ ಮನೆ ಎಲ್ಲಿದೆ ಎಂದೂ ಅವಳು ತಿಳಿದುಕೊಂಡಿರಲಿಲ್ಲ.

ಬುದ್ಧಪೂರ್ಣಿಮೆ. ಕಚೇರಿಗೆ ರಜೆ. ವಿಶಾಖಾ ಬಿಳಿ ಸೀರೆ ಉಟ್ಟು ಬಾಗಿಲಲ್ಲಿ ನೀರು ಹಾಕುತ್ತಿದ್ದವಳು ಇವಳನ್ನು ನೋಡಿ ಚೆಂಬು ಹಿಡಿದೇ ನಿಂತುಬಿಟ್ಟಳು.

"ಅಮ್ಮ, ನೀವು ಇಲ್ಲಿಗೆ? ಬನ್ನಿ, ಬನ್ನಿ ಒಳಗೆ." ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದಳು, ಫ್ಯಾನು ಜೋರು ಮಾಡಿದಳು. "ಹಡಗಲ್ಲಿ ಹೋಗ್ತೀನಿ ಅಂದಿದ್ರಲ್ಲ, ಯಾಕೆ ಹೋಗ್ಲಿಲ್ವಾ? ಅಪ್ಪ ಅಮ್ಮ ಬುದ್ಧ ವಿಹಾರಕ್ಕೆ ಹೋಗಿದಾರೆ, ನಾನೂ ಹೊರಟಿದ್ದೆ."

ಗೋಡೆಯ ಗೂಡಿನಲ್ಲಿ ಬುದ್ಧನ ಮುಂದೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಎಲ್ಲ ಒಂದು ಸಾಲಿನಲ್ಲಿ, ಒಂದು ಮಾತ್ರ ಬೇರೆಯಾಗಿ. ಯಾಕೆ ಎಂದು ಶೈಲಜಮ್ಮ ಕೇಳಲಿಲ್ಲ. ಅದನ್ನು ನೋಡುತ್ತಲೇ ಅವಳು ಆಟೋದಲ್ಲಿ ಕಲಿತ ಮಾತುಗಳನ್ನು ಹುಡುಕಿದಳು. ಅವು ಅಲ್ಲೇ ಇದ್ದವು.

ವಿಶಾಖಾ ಎದುರಿಗೆ ಕೂತು, ಎಂದಿನ ಹಾಗೆ ಕೇಳಿದಳು. "ಏನಾದ್ರೂ ಗೊತ್ತಾಯ್ತಾ ಅಮ್ಮ?"

ಆ ಮುಖದಲ್ಲಿ ಆಸೆ ಹೆಚ್ಚೇನೂ ಇರಲಿಲ್ಲ. ಇದ್ದಷ್ಟನ್ನು ಜೋಪಾನವಾಗಿ ಇಟ್ಟುಕೊಂಡ ಮುಖ ಅದು. ಶೈಲಜಮ್ಮ ಬಾಯಿ ತೆರೆದಳು.

"ಇಲ್ಲ ಕಣಮ್ಮ," ಅಂದಳು.

ಅಂದ ಮೇಲೆ ತನ್ನ ದನಿ ತನಗೇ ಕೇಳಿಸಿತು. ಇಷ್ಟು ಸುಲಭವಾ? ಇಷ್ಟು ಸುಲಭವಾಗಿ ಅವರೂ ನಾಲ್ಕು ವರ್ಷ ಹೇಳದೆ ಇದ್ದರಾ? ಗಂಡನ ಬಗ್ಗಿದ ತಲೆ ನೆನಪಾಯಿತು. ಆ ಕ್ಷಣಕ್ಕೆ ಅವನ ಮೇಲಿನ ಸಿಟ್ಟಿಗೂ ನಿಲ್ಲಲು ಜಾಗವಿಲ್ಲದಂತಾಯಿತು.

ವಿಶಾಖಾ ತಲೆಯಾಡಿಸಿ ಎದ್ದು ಒಳಗೆ ಹೋಗಿ, ಒಂದು ಬಟ್ಟಲು ಪಾಯಸ ತಂದು ಸ್ಟೂಲಿನ ಮೇಲಿಟ್ಟಳು. "ಹಬ್ಬಕ್ಕೆ ಮಾಡಿದ್ದು. ನಿಮಗೆ ವ್ರತ ಅಂತ ಗೊತ್ತು. ಆದ್ರೂ ಮನೆಗೆ ಮೊದಲ್ನೇ ಸಲ ಬಂದಿದೀರ, ಇಡದೇ ಇರೋಕೆ ಮನಸ್ಸು ಬರ್ಲಿಲ್ಲ."

ಇನ್ನೂ ಒಂದು ಸಲ ಈ ಹುಡುಗಿಯ ಕೈ ತಳ್ಳುವುದು ಶೈಲಜಮ್ಮನಿಂದ ಆಗಲಿಲ್ಲ. ಸುಳ್ಳು ಹೇಳಿಯಾಗಿತ್ತು, ಕೊಟ್ಟಿದ್ದನ್ನಾದರೂ ತಿನ್ನಬೇಕು ಅನ್ನಿಸಿತು. ಬಟ್ಟಲು ಎತ್ತಿಕೊಂಡು ಒಂದು ಚಮಚ ಬಾಯಿಗೆ ಹಾಕಿದಳು. ಬೆಲ್ಲದ ಪಾಯಸ, ಇನ್ನೂ ಬೆಚ್ಚಗಿತ್ತು. ಶನಿವಾರದಿಂದ ಏನೂ ಬೀಳದ ಹೊಟ್ಟೆ ತಡೆಯಲಿಲ್ಲ. ಇನ್ನೊಂದು ಚಮಚ, ಮತ್ತೊಂದು.

ತಲೆ ಎತ್ತಿದರೆ ವಿಶಾಖಾ ಅವಳನ್ನೇ ನೋಡುತ್ತಿದ್ದಳು. ಅವಳ ಕಣ್ಣು ಗೋಡೆಯ ಕ್ಯಾಲೆಂಡರಿಗೆ ಹೋಗಿ ಮತ್ತೆ ಬಟ್ಟಲಿಗೆ ಬಂತು.

"ಅಮ್ಮ," ಅಂದಳು, "ಇವತ್ತು ಸೋಮವಾರ."

ಶೈಲಜಮ್ಮನ ಕೈ ಅಲ್ಲೇ ನಿಂತಿತು. ಅವಳಿಗೆ ವಾರವೇ ಮರೆತುಹೋಗಿತ್ತು. ಇಷ್ಟು ವರ್ಷ ತಪ್ಪದ ಸೋಮವಾರ, ಇವತ್ತು ಬೆಳಿಗ್ಗೆ ಎದ್ದಾಗ ಅದು ಬರೀ ಇನ್ನೊಂದು ದಿನವಾಗಿತ್ತು.

ವಿಶಾಖಾಗೆ ಆ ಹರಕೆ ಗೊತ್ತು. ಅದು ಯಾವತ್ತು ಮುಗಿಯುತ್ತದೆ ಎಂಬುದೂ ಗೊತ್ತು. ಐದು ವರ್ಷದಲ್ಲಿ ಶೈಲಜಮ್ಮ ನೋಡದೇ ಇದ್ದ ಒಂದು ಬೆಳಕು ಆ ಹುಡುಗಿಯ ಮುಖಕ್ಕೆ ಮೆಲ್ಲಗೆ ಬಂತು. ಕುರ್ಚಿಯಿಂದ ಮುಂದಕ್ಕೆ ಜಾರಿ ಇವಳ ಮೊಣಕಾಲು ಹಿಡಿದುಕೊಂಡಳು.

"ಬಂದ್ನಾ ಅಮ್ಮ?" ಎಂದು ಕೇಳಿದಳು. "ಆಟ ಆಡ್ಬೇಡಿ ನನ್ ಜೊತೆ. ಬಂದ್ನಲ್ವಾ? ಮನೇಲಿದಾನಾ?"

ಶೈಲಜಮ್ಮ ಬಾಯಲ್ಲಿದ್ದ ಪಾಯಸವನ್ನು ನುಂಗಲಿಲ್ಲ, ಉಗುಳಲಿಲ್ಲ. ಬಟ್ಟಲನ್ನು ಸ್ಟೂಲಿನ ಮೇಲಿಟ್ಟು, ತನ್ನ ಮೊಣಕಾಲಿನ ಮೇಲಿದ್ದ ಆ ಕೈಗಳ ಮೇಲೆ ತನ್ನ ಎರಡೂ ಕೈ ಇಟ್ಟಳು.